ಕೆಲಸದ ಜಾಗ, ಶಾಲೆ, ಆಸ್ಪತ್ರೆಗಳಲ್ಲಿ ಯೋಗಕ್ಷೇಮದ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಕಡೆಯ ಗಾರ್ಮೆಂಟ್ಸ್‌ಗಳಿಗೆ, ಮೈಸೂರಿನ ಶಾಲೆ ಮತ್ತು ಆಸ್ಪತ್ರೆಗಳಿಗೆ ಪ್ರಶ್ನಾವಳಿ ಹಿಡಿದು ಹೋದಾಗ ಜನ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಬರೆದಿರುವುದು ಮುಖ್ಯವಾಗಿ ಫಾರ್ಮ್ ಕೈಗೆ ಬಂದವರಿಗೆ. ಫಾರ್ಮ್ ಹಂಚುವವರೂ ಓದಿದರೆ ಒಳ್ಳೆಯದು.

ಮನಸ್ಸು ಹೇಗಿದೆ ಅಂತ ಮಾರ್ಕ್ಸ್ ಹಾಕಿ ಅಳೆಯೋಕಾಗುತ್ತಾ?

ಪೂರ್ತಿಯಾಗಿ ಆಗುವುದಿಲ್ಲ. ಆದರೆ ಉಪಯೋಗಕ್ಕೆ ಬರುವಷ್ಟು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿಯೊಂದಿದೆ, 1998ರಿಂದ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ಮನಸ್ಸು ಖುಷಿಯಾಗಿತ್ತೇ, ನಿರಾಳವಾಗಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ಎದ್ದಾಗ ನಿದ್ದೆ ಸಾಕಾಗಿತ್ತೇ, ದಿನದಲ್ಲಿ ಆಸಕ್ತಿ ಹುಟ್ಟಿಸುವಂಥದ್ದು ಇತ್ತೇ, ಇಷ್ಟೇ. ಒಂದೊಂದಕ್ಕೆ 0ಯಿಂದ 5ರವರೆಗೆ ಅಂಕ. ಒಟ್ಟು 25. ಅದನ್ನು 4ರಿಂದ ಗುಣಿಸಿ 100ಕ್ಕೆ ತರುತ್ತಾರೆ. 50 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಕೂರಿಸಿಕೊಂಡು ಸ್ವಲ್ಪ ಮಾತಾಡಿಸಬೇಕು ಎಂದರ್ಥ. ಅವರಿಗೆ ಕಾಯಿಲೆ ಇದೆ ಎಂದು ಯಾರೂ ಆ ಅಂಕ ನೋಡಿ ಹೇಳುವಂತಿಲ್ಲ.

ಒಬ್ಬರ ಒಂದು ದಿನದ ಅಂಕದಿಂದ ಹೆಚ್ಚೇನೂ ತಿಳಿಯದು. ಮನೆಯಲ್ಲಿ ಮಗುವಿಗೆ ಜ್ವರ ಬಂದಿದ್ದರೂ ಅಂಕ ಇಳಿಯುತ್ತದೆ. ಆದರೆ ಒಂದೇ ಆಸ್ಪತ್ರೆಯ ಎರಡು ವಾರ್ಡುಗಳಲ್ಲಿ ಒಂದರ ಸಿಸ್ಟರ್‌ಗಳ ಅಂಕ ತಿಂಗಳಾನುಗಟ್ಟಲೆ ಕೆಳಗೇ ಇದ್ದರೆ, ಆ ವಾರ್ಡಿನ ಡ್ಯೂಟಿ ಪಟ್ಟಿಯನ್ನು ತೆಗೆದು ನೋಡಲೇಬೇಕು.

ಇದೆಲ್ಲ ಫಾರಿನ್ನಿನೋರ ವಿದ್ಯೆ ಅಲ್ವಾ? ನಮ್ಮ ಕಡೆ ಯಾರು ಮಾಡಿದ್ದಾರೆ?

ಮೈಸೂರಿಗೆ ಇದು ಹಳೆಯ ವಿದ್ಯೆ. ಇಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ದೇಶದಲ್ಲಿ ಕಲ್ಕತ್ತದ ನಂತರ ಎರಡನೆಯದು. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಶುರುಮಾಡಿದವರೂ ಅವರೇ.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರೀತಿಯದು. ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆ ಎಂದು ನಾವೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದವರನ್ನು ಊರಲ್ಲಿ ಹುಡುಕಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬ ಅವರ ವರದಿ 1996ರಲ್ಲಿ ಪ್ರಕಟವಾಯಿತು. 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಗಿ, ಅವರ ಮಕ್ಕಳ ಬೆಳವಣಿಗೆ, ಸಕ್ಕರೆ ಪ್ರಮಾಣ, ಕಲಿಕೆಯ ಶಕ್ತಿಯನ್ನು ವರ್ಷಗಟ್ಟಲೆ ನೋಡಿಕೊಂಡು ಬಂತು. ತಾಯಂದಿರು ಮಕ್ಕಳ ಕೈಹಿಡಿದುಕೊಂಡು ಮತ್ತೆ ಮತ್ತೆ ಬಂದರಲ್ಲ, ಆ ನಂಬಿಕೆ ಇಲ್ಲದಿದ್ದರೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ನಾನು ಫಾರ್ಮ್ ತುಂಬೋದಿಲ್ಲ ಅಂದ್ರೆ ಕೆಲಸಕ್ಕೆ ತೊಂದ್ರೆ ಆಗುತ್ತಾ?

ಆಗಕೂಡದು. ತುಂಬುವುದು, ತುಂಬದಿರುವುದು, ಅರ್ಧಕ್ಕೆ ನಿಲ್ಲಿಸುವುದು, ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗುವುದು, ಎಲ್ಲವೂ ನಿಮ್ಮ ಹಕ್ಕು. ಕಾರಣ ಹೇಳಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಅಧ್ಯಯನ ಶುರುವಾಗುವ ಮೊದಲು ನೈತಿಕ ಸಮಿತಿ ಒಪ್ಪಬೇಕು. ಅದರಲ್ಲಿ 7ರಿಂದ 15 ಜನ ಇರುತ್ತಾರೆ, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರು ಮತ್ತು ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ನಿಮಗೆ ಕೊಡುವ ಮಾಹಿತಿ ಪತ್ರದಲ್ಲಿ ಸಮಿತಿಯ ವಿವರ ಮತ್ತು ಸಂಪರ್ಕ ಇರುತ್ತದೆ. ಇಲ್ಲದಿದ್ದರೆ ಕೇಳಿ.

ಕಾಗದದ ಮೇಲೆ ಹಕ್ಕು ಇದ್ದರೂ, ‘ಎಚ್‌ಆರ್ ಮೇಡಂ ಎಲ್ಲರೂ ತುಂಬಿ ಅಂದಿದ್ದಾರೆ’ ಎಂಬ ಒಂದು ಮಾತು ಬಂದರೆ ಆ ಹಕ್ಕಿಗೆ ಬೆಲೆ ಉಳಿಯುವುದಿಲ್ಲ. ಅದಕ್ಕೇ ನಾವು ಎಲ್ಲರಿಗೂ ಒಂದೇ ಥರದ ಲಕೋಟೆ ಕೊಡುತ್ತೇವೆ. ತುಂಬಿದವರೂ ಅಂಟಿಸಿ ಪೆಟ್ಟಿಗೆಗೆ ಹಾಕುತ್ತಾರೆ, ತುಂಬದವರೂ ಖಾಲಿ ಹಾಳೆಯನ್ನೇ ಅಂಟಿಸಿ ಹಾಕುತ್ತಾರೆ. ಯಾರು ಬಿಟ್ಟರು, ಯಾರು ಬರೆದರು ಎಂಬುದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

ನಾನು ಬರೆದದ್ದು ಸೂಪರ್‌ವೈಸರ್‌ಗೆ ಹೋಗುತ್ತಾ?

ಹೋಗುವುದಿಲ್ಲ. ಹಾಗೆ ಹೋಗುವ ಅಧ್ಯಯನದಲ್ಲಿ ದಯವಿಟ್ಟು ಸೇರಬೇಡಿ.

ಆದರೆ ಹೆಸರು ಬರೆಯದಿದ್ದರೆ ಸಾಕು ಎಂದೂ ತಿಳಿಯಬೇಡಿ. ವಯಸ್ಸು, ವಿಭಾಗ, ಎಷ್ಟು ವರ್ಷದ ಸರ್ವಿಸ್ ಎಂಬ ಮೂರು ವಿವರ ಸೇರಿದರೆ, ನಾಲ್ಕೇ ಜನರಿರುವ ವಿಭಾಗದಲ್ಲಿ ಯಾರೆಂದು ಹೇಳಲು ಹೆಸರೇ ಬೇಕಾಗಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಲೆಕ್ಕವನ್ನು ನಾವು ಪ್ರತ್ಯೇಕವಾಗಿ ಯಾರಿಗೂ ಕೊಡುವುದಿಲ್ಲ, ದೊಡ್ಡ ಗುಂಪಿನೊಳಗೆ ಸೇರಿಸುತ್ತೇವೆ.

ಗುಟ್ಟು ಕಾಪಾಡಲಾಗದ ಸಂದರ್ಭಗಳೂ ಇವೆ, ಅದನ್ನು ಮೊದಲೇ ಹೇಳುತ್ತೇವೆ. ಯಾರದಾದರೂ ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಸುಮ್ಮನಿರಲಾಗುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಎಲ್ಲರೂ ‘ಚೆನ್ನಾಗಿದೀವಿ’ ಅಂತಲೇ ಟಿಕ್ ಹಾಕಿದ್ರೆ ಏನ್ ಪ್ರಯೋಜನ?

ಏನೂ ಇಲ್ಲ. ಮತ್ತು ಹಾಗೆ ಆಗುವುದು ಬಹಳ ಸುಲಭ. ಟೀ ಬ್ರೇಕಿನಲ್ಲಿ ಫಾರ್ಮ್ ಹಂಚಿ ನೋಡಿ. ಸಿಗುವುದೇ ಹದಿನೈದು ನಿಮಿಷ. ಅದರಲ್ಲಿ ಕೈ ತೊಳೆಯಬೇಕು, ಬಾತ್‌ರೂಮಿನ ಕ್ಯೂನಲ್ಲಿ ನಿಲ್ಲಬೇಕು, ಟೀ ಕುಡಿಯಬೇಕು. ಲೈನ್ ಸೂಪರ್‌ವೈಸರ್ ಕ್ಯಾಂಟೀನ್ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾರೆ. ಬೆರಳಿಗೆ ಸುತ್ತಿದ ಪ್ಲಾಸ್ಟರ್ ಮೇಲೆ ಪೆನ್ ಹಿಡಿದ ಹೆಣ್ಣುಮಗಳು ಮೊದಲ ಪ್ರಶ್ನೆ ಓದುತ್ತಾಳೆ, ಆಮೇಲೆ ಒಂದೇ ಸಾಲಿನಲ್ಲಿ ಮೇಲಿಂದ ಕೆಳಗೆ ಟಿಕ್ ಹಾಕಿ ಮಡಚಿ ಕೊಟ್ಟು ಓಡುತ್ತಾಳೆ. ಅವಳ ಪಕ್ಕದವಳ ಹಾಳೆಯಲ್ಲೂ ಅದೇ ಸಾಲು. ಇಂಥ ಹಾಳೆಗಳನ್ನು ಕಂಪ್ಯೂಟರಿಗೆ ಹಾಕಿದರೆ ಆ ಕಾರ್ಖಾನೆ ಸ್ವರ್ಗದಂತೆ ಕಾಣುತ್ತದೆ.

ಇದು ಆ ಹೆಣ್ಣುಮಕ್ಕಳ ತಪ್ಪಲ್ಲ, ಕೇಳಿದ ರೀತಿಯ ತಪ್ಪು. ಕೆಲಸದ ವೇಳೆಯಲ್ಲೇ, ಸಂಬಳ ಕತ್ತರಿಸದೆ, ಮೇಲಿನವರಿಲ್ಲದ ಕೋಣೆಯಲ್ಲಿ ಅರ್ಧ ಗಂಟೆ ಕೊಡಿ. ಓದಲು ಕಷ್ಟಪಡುವವರಿಗೆ ಹೊರಗಿನಿಂದ ಬಂದ ಹೆಣ್ಣುಮಗಳೇ ಓದಿ ಹೇಳಲಿ. ಅವೇ ಪ್ರಶ್ನೆಗಳಿಗೆ ಬೇರೆಯೇ ಉತ್ತರ ಬರುತ್ತದೆ.

ಇದ್ರಿಂದ ನಮಗೇನಕ್ಕ ಲಾಭ?

ನೇರವಾಗಿ ಹೇಳಬೇಕೆಂದರೆ, ನಾಳೆಯೇ ಏನೂ ಸಿಗುವುದಿಲ್ಲ. ಸಿಗುತ್ತದೆ ಎಂದು ಆಸೆ ಹುಟ್ಟಿಸುವುದೂ ತಪ್ಪು. ಆದರೆ ನಿಮ್ಮಂಥವರೇ ಕೊಟ್ಟ ಮಾಹಿತಿಯಿಂದ ತಿಳಿದ ಎರಡು ಸಂಗತಿ ಹೇಳುತ್ತೇನೆ, ಎರಡೂ ನಮ್ಮ ರಾಜ್ಯದ ಗಾರ್ಮೆಂಟ್ಸ್‌ಗಳಲ್ಲೇ ನಡೆದದ್ದು. ಬೆಂಗಳೂರು ಸುತ್ತಲಿನ ಕಾರ್ಖಾನೆಗಳಲ್ಲಿ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದು ಕರೆಂಟ್ ಬಿಲ್ ಉಳಿಸಲು. ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಎಲ್‌ಇಡಿ ಕಡಿಮೆ ಕಾವು ಹೊರಸೂಸುವುದರಿಂದ ಬಿಸಿಲು ಹೆಚ್ಚಿದ ದಿನಗಳಲ್ಲಿ ಕೆಲಸ ಕುಸಿಯುತ್ತಿದ್ದದ್ದು ತಗ್ಗಿತ್ತು. ಮಧ್ಯಾಹ್ನ ನಿಧಾನವಾದ ಹೆಂಗಸರನ್ನು ಮೈಗಳ್ಳಿಯರು ಎಂದು ಬೈಯುವ ಮೊದಲು ತಲೆಯ ಮೇಲಿನ ದೀಪ ನೋಡಬೇಕಿತ್ತು. ಇನ್ನೊಂದರಲ್ಲಿ, ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದ ಮೇಲೆ ಕೆಲವರಿಗೆ ಹೆಸರಿಲ್ಲದ ಸರ್ವೆಯಲ್ಲಿ ತಮ್ಮ ಅಭಿಪ್ರಾಯ ಹೇಳಲು ಅವಕಾಶ ಕೊಟ್ಟರು. ಅವಕಾಶ ಸಿಕ್ಕವರು ಕೆಲಸ ಬಿಟ್ಟು ಹೋದದ್ದು ಕಡಿಮೆ.

ಈ ಎರಡನೆಯದನ್ನು ಓದಿ ಮಾಲೀಕರು ‘ಹಾಗಾದರೆ ಸಂಬಳ ಏರಿಸದೆ ಸರ್ವೆ ಮಾಡಿಸಿದರೆ ಸಾಕು’ ಎಂದುಕೊಂಡರೆ ಅನ್ಯಾಯ. ಕೇಳಿದ ಮೇಲೆ ಏನನ್ನೂ ಮಾಡದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಟೆನ್ಷನ್ ಆಗುತ್ತೆ ಅಂದ್ರೆ ನಮ್ಮ ಮನಸ್ಸು ಗಟ್ಟಿ ಇಲ್ಲ ಅಂತಾನಾ?

ಅಲ್ಲ. ಈ ಪುಟದಲ್ಲಿ ಬೇರೆ ಯಾವ ಉತ್ತರ ಓದದಿದ್ದರೂ ಇದನ್ನು ಓದಿ.

ಲಂಡನ್ನಿನ ವೈಟ್‌ಹಾಲ್ ಎಂಬಲ್ಲಿ ಬ್ರಿಟನ್ ಸರ್ಕಾರದ ಕಚೇರಿಗಳಿವೆ. ಅಲ್ಲಿನ ನೌಕರರ ಆರೋಗ್ಯದ ಅಧ್ಯಯನ 1967ರಲ್ಲಿ ಶುರುವಾಯಿತು, 1985ರಲ್ಲಿ ಎರಡನೆಯದು, 10,308 ಮಂದಿಯನ್ನು ಸೇರಿಸಿಕೊಂಡು. ಮೈಕೇಲ್ ಮಾರ್ಮಟ್ ಅವರ ತಂಡದ್ದು. ಎಲ್ಲರೂ ತಿಂಗಳ ಸಂಬಳದವರೇ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ ಇತ್ತು. ಆದರೂ ಹುದ್ದೆ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ ಹೃದಯದ ಕಾಯಿಲೆ ಒಂದೊಂದು ಮೆಟ್ಟಿಲು ಹೆಚ್ಚುತ್ತಿತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಪೂರ್ತಿ ಹೋಗಲಿಲ್ಲ. ಎರಡನೆಯ ಅಧ್ಯಯನದಲ್ಲಿ ಒಂದು ಮುಖ್ಯ ಕಾರಣ ಕಂಡಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು.

ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲೇ ಇದನ್ನು ಬೇರೆ ಕಡೆಯಿಂದ ಹೇಳಿದ್ದರು. ಕೆಲಸ ಹೆಚ್ಚಾದ ಮಾತ್ರಕ್ಕೆ ಮನುಷ್ಯ ಕುಗ್ಗುವುದಿಲ್ಲ. ಕೆಲಸವೂ ಹೆಚ್ಚು, ಅದನ್ನು ಹೇಗೆ ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯವೂ ಇಲ್ಲ ಎಂದಾಗ ಕುಗ್ಗುತ್ತಾನೆ.

ನಮ್ಮ ಊರಿಗೆ ಇಟ್ಟು ನೋಡಿ. ಗಂಟೆಗೆ ಇಷ್ಟು ಕಾಲರ್ ಎಂದು ಟಾರ್ಗೆಟ್ ಬೋರ್ಡಿನಲ್ಲಿ ಬರೆದದ್ದನ್ನು ಮಧ್ಯಾಹ್ನ ಅಳಿಸಿ ಹೆಚ್ಚಿಗೆ ಬರೆಯುತ್ತಾರೆ, ಬಾತ್‌ರೂಮಿಗೆ ಹೋಗಲೂ ಕೇಳಬೇಕು. ಪಾಠ ಮಾಡಬೇಕಾದ ಮೇಷ್ಟ್ರಿಗೆ ಚುನಾವಣೆ ಡ್ಯೂಟಿ, ಗಣತಿ, ಬಿಸಿಯೂಟದ ಲೆಕ್ಕ, ಯಾವುದಕ್ಕೂ ಇಲ್ಲ ಎನ್ನುವಂತಿಲ್ಲ. ಸಿಸ್ಟರ್‌ಗೆ ನೈಟ್ ಡ್ಯೂಟಿ ಯಾವ ವಾರ ಬರುತ್ತದೆಂದು ಹಿಂದಿನ ದಿನ ಗೊತ್ತಾಗುತ್ತದೆ. ಇವರಿಗೆಲ್ಲ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದರೆ ಏನು ಹೇಳಿದಂತಾಯಿತು? ಡ್ಯೂಟಿ ಪಟ್ಟಿಯನ್ನು ಹದಿನೈದು ದಿನ ಮೊದಲೇ ಹಾಕುವುದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಯೋಗ, ಧ್ಯಾನದ ಕ್ಲಾಸ್ ಮಾಡಿಸಿದ್ರೆ ಸಾಲದಾ?

ಯೋಗದ ಊರಿನಲ್ಲಿ ಕೂತು ಯೋಗ ಬೇಡ ಎನ್ನುವುದಿಲ್ಲ. ಇಷ್ಟಪಟ್ಟು ಮಾಡುವವರಿಗೆ ಅದರಿಂದ ನಿಜಕ್ಕೂ ಒಳ್ಳೆಯದಾಗುತ್ತದೆ. ಆದರೆ ಸಂಸ್ಥೆ ತನ್ನ ಜವಾಬ್ದಾರಿಯನ್ನು ಅಷ್ಟಕ್ಕೇ ಮುಗಿಸಬಾರದು. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಹಿಡಿದು ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ನಿಭಾಯಿಸುವ ತರಬೇತಿ, ಧ್ಯಾನ, ಯೋಗಕ್ಷೇಮದ ಆ್ಯಪ್‌ಗಳಲ್ಲಿ ಸೇರಿದವರ ಸ್ಥಿತಿ ಸೇರದವರಿಗಿಂತ ಉತ್ತಮವಾಗಿರಲಿಲ್ಲ. ಸ್ವಯಂಸೇವೆಗೆ ಅವಕಾಶ ಸಿಕ್ಕವರಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2022ರ ಮಾರ್ಗಸೂಚಿಯಲ್ಲಿ ಕೆಲಸದ ಏರ್ಪಾಡನ್ನೇ ಬದಲಿಸುವ ಕ್ರಮಗಳನ್ನು ಸೇರಿಸಿದೆ.

ನಮ್ಮ ಮಗನ ಸ್ಕೂಲಿಂದ ಒಪ್ಪಿಗೆ ಪತ್ರ ಬಂದಿದೆ. ಸೈನ್ ಹಾಕಬೇಕಾ?

ಓದಿ, ಮಗನನ್ನೂ ಕೇಳಿ, ಆಮೇಲೆ ಹಾಕಿ. 18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ನೀವು ಹೂಂ ಅಂದು ಮಗು ಬೇಡ ಅಂದರೆ, ಅಲ್ಲಿಗೆ ಬಿಡಬೇಕು. ಮಗು ಬರೆದದ್ದನ್ನು ನಿಮಗೆ ತೋರಿಸುವುದಿಲ್ಲ ಎಂದರೆ ಬೇಸರಪಡಬೇಡಿ. ಅಪ್ಪ ಅಮ್ಮ ಓದುತ್ತಾರೆ ಎಂದು ಗೊತ್ತಾದರೆ ಯಾವ ಮಗು ತಾನೇ ನಿಜ ಬರೆಯುತ್ತದೆ?

ಮೇಷ್ಟ್ರುಗಳಿಗೇ ಕೌನ್ಸೆಲಿಂಗ್ ಟ್ರೈನಿಂಗ್ ಕೊಟ್ರೆ ಆಯ್ತಲ್ಲ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ‘ಸೆಹರ್’ ಎಂಬ ಆ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು, 74 ಶಾಲೆಗಳದ್ದು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮವನ್ನು ಅಲ್ಲಿಯ ಶಿಕ್ಷಕರೊಬ್ಬರೇ ನಡೆಸಿದರು. ಇನ್ನು ಕೆಲವದರಲ್ಲಿ ‘ಸೆಹರ್ ಮಿತ್ರ’ ಎಂದು ಅದಕ್ಕಾಗಿಯೇ ನೇಮಿಸಿದ ಒಬ್ಬರು ನಡೆಸಿದರು, ಅವರು ಮನೋವೈದ್ಯರೇನಲ್ಲ, ತರಬೇತಿ ಪಡೆದ ಸಾಮಾನ್ಯರು. ಪ್ರಾರ್ಥನೆಯ ಹೊತ್ತಿನ ಚಟುವಟಿಕೆ, ಗೋಡೆ ಪತ್ರಿಕೆ, ಮಕ್ಕಳು ಗುಟ್ಟಾಗಿ ಚೀಟಿ ಹಾಕುವ ಪೆಟ್ಟಿಗೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಮಾತು. ಮಿತ್ರ ಇದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆಯ ಲಕ್ಷಣಗಳು ತಗ್ಗಿದವು, ಪೀಡಿಸುವುದು, ಹೊಡೆದಾಟ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ವ್ಯತ್ಯಾಸ ಕಾಣಲಿಲ್ಲ.

ಮೇಷ್ಟ್ರುಗಳಿಗೆ ಕಾಳಜಿ ಇಲ್ಲವೆಂದು ಇದಕ್ಕೆ ಅರ್ಥ ಹಚ್ಚಬೇಡಿ. ಮಾರ್ಕ್ಸ್ ಹಾಕುವವರ ಹತ್ತಿರವೇ ಮನೆಯ ಜಗಳದ ಸುದ್ದಿ ಹೇಳುವುದು ಮಗುವಿಗೆ ಕಷ್ಟ, ಇರುವ ಹೊರೆಯ ಮೇಲೆ ಇನ್ನೊಂದು ಹೊರೆ ಹೊರುವುದು ಮೇಷ್ಟ್ರಿಗೆ ಕಷ್ಟ. ಇದು ನನ್ನ ತಿಳಿವಳಿಕೆ. ಒಂದು ಪ್ರೌಢಶಾಲೆಗೆ ಇಂಥ ಒಬ್ಬರನ್ನಾದರೂ ಕೊಟ್ಟು ನೋಡಬೇಕೆಂದು ಹೇಳುತ್ತಲೇ ಇರುತ್ತೇನೆ.

ಎರಡೇಟು ಕೊಡದೆ ಮಕ್ಕಳು ಹೇಗೆ ಸರಿಹೋಗ್ತಾರೆ?

ಹೊಡೆಯುವುದು, ಮನಸ್ಸು ನೋಯಿಸುವಂತೆ ಹಿಂಸಿಸುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಏಟಿಗೆ ಹೆದರಿ ತರಗತಿ ಸದ್ದಿಲ್ಲದೆ ಕೂರಬಹುದು, ಆದರೆ ಹೆದರಿದ ಮಗು ಅರ್ಥವಾಗದ್ದನ್ನು ಎದ್ದುನಿಂತು ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರ್‌ಗಳ ನಡವಳಿಕೆ ಅಧ್ಯಯನ ಅಂದ್ರೆ, ತಪ್ಪು ಹುಡುಕೋದಾ?

ತಪ್ಪು ಹೇಗೆ ಆಗುತ್ತದೆ ಎಂದು ಹುಡುಕುವುದು. ಯಾರದ್ದು ಎಂದಲ್ಲ. ಎಮಿ ಎಡ್ಮಂಡ್‌ಸನ್ ಅವರ 1996ರ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಪಾಠ. ಒಳ್ಳೆಯ ಹೊಂದಾಣಿಕೆ ಇರುವ ನರ್ಸಿಂಗ್ ತಂಡಗಳಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರುತ್ತವೆಂದು ಅವರು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಕೆದಕಿದಾಗ ತಿಳಿದದ್ದು, ಅಲ್ಲಿಯವರು ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಹಾಗಾಗಿ ‘ನಮ್ಮ ವಾರ್ಡಿನಲ್ಲಿ ಒಂದೂ ತಪ್ಪಿಲ್ಲ’ ಎಂಬ ರಿಜಿಸ್ಟರ್ ಕಂಡರೆ ನನಗೆ ಭಯವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಪಟ್ಟಿಯದ್ದೂ ಇದೇ ಕಥೆ. 19 ಅಂಶಗಳ ಒಂದು ಹಾಳೆ: ರೋಗಿ ಇವರೇನಾ, ಆಪರೇಷನ್ ಯಾವ ಜಾಗದಲ್ಲಿ, ಅಲರ್ಜಿ ಇದೆಯಾ, ತಂಡದವರು ಒಬ್ಬರಿಗೊಬ್ಬರು ಹೆಸರು ಹೇಳಿಕೊಂಡರಾ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಪಟ್ಟಿ ಕೈಯಲ್ಲಿದ್ದರೆ ನರ್ಸ್ ‘ಡಾಕ್ಟ್ರೇ, ಒಂದ್ನಿಮಿಷ’ ಅನ್ನಬಹುದು. ಅದಿಲ್ಲದೆ ಅನ್ನುವ ಧೈರ್ಯ ಎಷ್ಟು ಜನಕ್ಕಿದೆ?

ಕೈ ತೊಳೆಯುವ ವಿಷಯದಲ್ಲೂ ಒಂದು ಸಣ್ಣ, ಸೊಗಸಾದ ಪ್ರಯೋಗವಿದೆ. ‘ಕೈ ಶುಚಿ ನಿಮ್ಮನ್ನು ಕಾಯಿಲೆಯಿಂದ ಕಾಪಾಡುತ್ತದೆ’ ಎಂಬ ಫಲಕ ಹಾಕಿದ ಕಡೆ ಏನೂ ಬದಲಾಗಲಿಲ್ಲ. ‘ರೋಗಿಗಳನ್ನು ಕಾಪಾಡುತ್ತದೆ’ ಎಂಬ ಫಲಕದ ಕಡೆ ಸೋಪು ಹೆಚ್ಚು ಖರ್ಚಾಯಿತು. 2011ರಲ್ಲಿ ಪ್ರಕಟವಾದದ್ದು.

ಬರ್ನ್‌ಔಟ್ ಅನ್ನೋದು ಕಾಯಿಲೆನಾ?

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಕಾಯಿಲೆ ಎಂದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಮೂರು ಲಕ್ಷಣ: ಮೈಮನಸ್ಸು ಬತ್ತಿಹೋದ ದಣಿವು, ಕೆಲಸದ ಬಗ್ಗೆ ಬೇಸರ ಬೆರೆತ ದೂರ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದಕ್ಕೊಂದು ಪ್ರಶ್ನಾವಳಿ ಮಾಡಿದರು. ರಜೆ ಹಾಕಿದರೆ ದಣಿವು ಆರಬಹುದು. ರಜೆ ಮುಗಿಸಿ ಬಂದಾಗ ಎಲ್ಲ ಹಾಗೇ ಇದ್ದರೆ ತಿಂಗಳೊಳಗೆ ಮತ್ತೆ ಅದೇ ಗತಿ.

ಯಾರೋ ನೋಡ್ತಿದ್ದಾರೆ ಅಂದ್ರೆ ಎಲ್ಲರೂ ಚೆನ್ನಾಗೇ ನಡ್ಕೋತಾರಲ್ವಾ?

ಸ್ವಲ್ಪ ದಿನ ಹೌದು. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳಿಂದ ಇದಕ್ಕೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರೇ ಬಂತು. ಅದಕ್ಕೇ ಒಮ್ಮೆ ನೋಡಿ ಬಂದು ವರದಿ ಬರೆಯಬಾರದು. ತಿಂಗಳುಗಟ್ಟಲೆ ಇರಬೇಕು, ಏನೂ ಬದಲಾಯಿಸದ ಇನ್ನೊಂದು ಜಾಗದ ಜೊತೆ ಹೋಲಿಸಬೇಕು.

ಪ್ರಶ್ನೆ ಓದಿ ಮನಸ್ಸಿಗೆ ಕಷ್ಟ ಆದ್ರೆ?

ಫಾರ್ಮ್ ಅಲ್ಲಿಗೇ ನಿಲ್ಲಿಸಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು. ಎದುರಿಗೆ ಕೂತು ಮಾತಾಡಬೇಕೆಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ಕೇಳಿ, ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಮಾಲೀಕರೇ ದುಡ್ಡು ಕೊಟ್ಟು ಮಾಡಿಸೋ ಸರ್ವೆ ನಂಬಬಹುದಾ?

ದುಡ್ಡು ಯಾರದ್ದು ಎನ್ನುವುದನ್ನು ಮಾಹಿತಿ ಪತ್ರದಲ್ಲಿ ಬರೆದಿರಬೇಕು. ಅದಕ್ಕಿಂತ ಮುಖ್ಯವಾದದ್ದು, ಫಲಿತಾಂಶ ಮಾಲೀಕರಿಗೆ ಹಿಡಿಸದಿದ್ದರೂ ಹೊರಗೆ ಬರುತ್ತದೆಯೇ ಎಂಬುದು. ಆ ಬಗ್ಗೆ ಮೊದಲೇ ಲಿಖಿತ ಒಪ್ಪಂದ ಆಗಿರಬೇಕು.

ನಮ್ಮ ಶಾಲೆಯಲ್ಲಿ, ನಮ್ಮ ಕಾರ್ಖಾನೆಯಲ್ಲಿ ಇಂಥದ್ದು ಮಾಡಿಸಬೇಕು ಅಂದ್ರೆ ಎಲ್ಲಿಂದ ಶುರು?

ಉತ್ತರ ಬಂದ ಮೇಲೆ ಏನನ್ನು ಬದಲಿಸಲು ನಿಮಗೆ ಅಧಿಕಾರವಿದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. ಅದನ್ನಷ್ಟೇ ಕೇಳಿ. ಬದಲಿಸಲು ಆಗದ ವಿಷಯ ಕೇಳಿ ಜನರ ಆಸೆ ಕೆಣಕಬೇಡಿ. ನೈತಿಕ ಸಮಿತಿಗೆ ಹೋಗಲು ಹತ್ತಿರದ ವಿಶ್ವವಿದ್ಯಾಲಯ ಅಥವಾ ವೈದ್ಯಕೀಯ ಕಾಲೇಜಿನವರ ಜೊತೆ ಕೈಜೋಡಿಸಿ. ಶಾಲೆಯಾದರೆ ಪರೀಕ್ಷೆಯ ತಿಂಗಳು ಬೇಡ, ಮಂಡ್ಯ ಕಡೆ ಕಬ್ಬು ಕಡಿಯುವ ಹೊತ್ತಿನಲ್ಲಿ ಪೋಷಕರ ಸಭೆ ಕರೆಯಬೇಡಿ, ಮೈಸೂರಿನಲ್ಲಿ ದಸರಾ ವಾರ ಬಿಟ್ಟುಬಿಡಿ. ಫಲಿತಾಂಶವನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ, ನೋಟಿಸ್ ಬೋರ್ಡಿಗೆ ಹಾಕಿ. ಅದರ ಕೆಳಗೆ ಏನನ್ನು ಬದಲಿಸುತ್ತೀರಿ, ಯಾವ ತಾರೀಕಿನೊಳಗೆ, ಅದಕ್ಕೆ ಯಾರು ಜವಾಬ್ದಾರರು ಎಂದು ಬರೆದು ಸಹಿ ಹಾಕಿ.